ಕಾರಿನ ಸಾಮಾನೆಲ್ಲ 8708 ಅಲ್ಲ: ಆಮದಿಗೆ ಸರಿಯಾದ ಕಸ್ಟಮ್ಸ್ ಕೋಡ್ ಹುಡುಕೋದು ಹೇಗೆ

ಕಾರ್ ಆಕ್ಸೆಸರಿ ಆಮದು ಶುರು ಮಾಡುವವರಿಗೆ 8708 ಅನ್ನುವ ನಂಬರ್ ಬೇಗ ಬಾಯಿಪಾಠ ಆಗುತ್ತದೆ. ಮೋಟಾರು ವಾಹನಗಳ ಬಿಡಿಭಾಗ ಮತ್ತು ಆಕ್ಸೆಸರಿ ಅಂತ ಆ ಹೆಡ್ಡಿಂಗ್‌ನಲ್ಲೇ (ಕಸ್ಟಮ್ಸ್ ಕೋಡ್‌ನ ಮೊದಲ ನಾಲ್ಕು ಅಂಕಿಯ ಶೀರ್ಷಿಕೆ) ಬರೆದಿದೆ. ಇನ್ನೇನು ಬೇಕು ಅನಿಸುವುದು ಸಹಜ, ಅಲ್ವಾ? ಆದರೆ ಬೆಂಗಳೂರಿನ ಜೆ.ಸಿ. ರೋಡಿನ ಯಾವುದಾದರೂ ಅಂಗಡಿಗೆ ಹೋಗಿ, ಅಲ್ಲಿ ತೂಗುಹಾಕಿರುವ ಸಾಮಾನುಗಳನ್ನು ಒಂದೊಂದಾಗಿ ಇಳಿಸಿ ನೋಡಿ. ಎಷ್ಟೋ ವಸ್ತುಗಳು ಆ ಹೆಡ್ಡಿಂಗ್‌ಗೆ ಸೇರುವುದೇ ಇಲ್ಲ. ಡಬ್ಬದ ಮೇಲೆ ‘ಕಾರ್’ ಅಂತ ಇದ್ದರೆ ಸಾಲದು. ಒಳಗಿರುವುದು ಏನು, ಯಾವುದರಿಂದ ಮಾಡಿದ್ದು, ಏನು ಕೆಲಸ ಮಾಡುತ್ತದೆ ಅನ್ನುವುದೇ ಮುಖ್ಯ.

ಮೊದಲು ಕೋಡ್ ಬಗ್ಗೆ ಎರಡು ಮಾತು. ನಮ್ಮದು ಎಂಟು ಅಂಕಿಯ ಕೋಡ್. ಅದು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಇದರಲ್ಲಿ ಮೊದಲ ಆರು ಅಂಕಿ ವಿಶ್ವ ಕಸ್ಟಮ್ಸ್ ಸಂಸ್ಥೆಯದ್ದು, ಆ ವ್ಯವಸ್ಥೆ ಬಳಸುವ ದೇಶಗಳಿಗೆಲ್ಲ ಒಂದೇ. ಕೊನೆಯ ಎರಡು ನಮ್ಮ ದೇಶದ್ದು. ಹಾಗಾಗಿ ಚೀನಾದ ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಉದ್ದದ ಕೋಡ್ ಹಾಕಿ ಕಳಿಸಿದರೆ ಅದನ್ನು ಹಾಗೇ ನಕಲು ಮಾಡಬೇಡಿ. ಮೊದಲ ಆರು ಅಂಕಿಯನ್ನು ಸುಳಿವಿನ ತರಹ ಇಟ್ಟುಕೊಳ್ಳಿ, ಅಷ್ಟೇ. ಆತ ತನ್ನ ದೇಶದ ಅನುಕೂಲ ನೋಡಿ ಹಾಕಿರುತ್ತಾನೆ, ಇಲ್ಲಿ ಜವಾಬು ಕೊಡಬೇಕಾದವರು ನೀವು.

ಈಗ ಅಸಲು ಕೆಲಸ. ಕೋಡ್‌ನ ಮೊದಲ ಎರಡು ಅಂಕಿ ಅಧ್ಯಾಯದ ಸಂಖ್ಯೆ. 87ನೇ ಅಧ್ಯಾಯ ಇರುವುದು ಟ್ಯಾರಿಫ್‌ನ, ಅಂದರೆ ಸುಂಕ ಪಟ್ಟಿಯ, 17ನೇ ಸೆಕ್ಷನ್‌ನಲ್ಲಿ. ಆ ಸೆಕ್ಷನ್‌ನ ಆರಂಭದಲ್ಲಿ ಟಿಪ್ಪಣಿಗಳಿವೆ, ಜನ ಅದನ್ನು ಓದುವುದೇ ಇಲ್ಲ. ಎರಡನೇ ಟಿಪ್ಪಣಿ ಓದಿ: ಕಾರಿಗೇ ಮಾಡಿದ್ದಾದರೂ ಏನೇನು ಇಲ್ಲಿ ಬರುವುದಿಲ್ಲ ಅನ್ನುವ ಪಟ್ಟಿ ಅದು. ವಾಷರ್, ಗ್ಯಾಸ್ಕೆಟ್, ರಬ್ಬರಿನ ಸಾಮಾನು, ಬೋಲ್ಟು ನಟ್ಟು ಸ್ಪ್ರಿಂಗಿನಂಥ ಎಲ್ಲೆಡೆ ಬಳಸುವ ಭಾಗಗಳು, 82ನೇ ಅಧ್ಯಾಯದ ಟೂಲ್ಸ್, 8401ರಿಂದ 8479ರವರೆಗಿನ ಯಂತ್ರಗಳು, 85ರ ಎಲೆಕ್ಟ್ರಿಕಲ್ ಸಾಮಾನು, 90ರ ಮೀಟರುಗಳು, ಗಡಿಯಾರ, ಬ್ರಷ್ಷು ಹೀಗೆ ಪಟ್ಟಿ ಸಾಗುತ್ತದೆ. ಈ ಜರಡಿ ದಾಟಿದ ಮೇಲೆ ಮೂರನೇ ಟಿಪ್ಪಣಿ: ವಸ್ತು ಪೂರ್ತಿಯಾಗಿ ಅಥವಾ ಮುಖ್ಯವಾಗಿ ವಾಹನಕ್ಕೇ ಆಗುವಂಥದ್ದಾಗಿರಬೇಕು. ಅದಕ್ಕೂ ಪಾಸಾಗಿ, ಬೇರೆ ಕಡೆ ಅದರ ಹೆಸರು ನೇರವಾಗಿ ಇಲ್ಲದಿದ್ದರೆ ಮಾತ್ರ 8708. ಬಂಪರ್, ಸೀಟ್ ಬೆಲ್ಟ್, ಅಲಾಯ್ ವೀಲ್ ಇವು ನಿಜವಾಗಿಯೂ ಅಲ್ಲಿಯವೇ.

ಉಳಿದವು ಎಲ್ಲಿಗೆ ಹೋಗುತ್ತವೆ ನೋಡಿ. ರಿಯರ್ ವ್ಯೂ ಕನ್ನಡಿ 7009 10. ಕಾರಿನ ಬೀಗ 8301 20. ಹೆಡ್‌ಲ್ಯಾಂಪ್ ಜೋಡಣೆ, ಹಾರ್ನ್, ವೈಪರ್ ಎಲ್ಲ 8512, ಆದರೆ ಬಿಡಿ ಎಲ್‌ಇಡಿ ಬಲ್ಬ್ 8539. ಟೈರಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್ 8414, ಗಾಳಿಯ ಒತ್ತಡ ನೋಡುವ ಗೇಜ್ 9026. ವ್ಯಾಕ್ಯೂಮ್ ಕ್ಲೀನರ್ 8508, ಅದನ್ನು ಕಾರಿನ 12 ವೋಲ್ಟಿಗೆ ಸಿಕ್ಕಿಸಿದರೂ ಸರಿ. ಜಾಕ್ 8425. ಡ್ಯಾಶ್‌ಕ್ಯಾಮ್ ಕ್ಯಾಮೆರಾನೇ, 8525. ಕಾರ್ ಸ್ಟೀರಿಯೊ 8527, ಮೊಬೈಲ್ ಚಾರ್ಜರ್ 8504 40, ಪವರ್ ಬ್ಯಾಂಕ್ 8507 60. ಬಾಡಿ ಪಾಲಿಶ್ 3405 30, ಕಾರ್ ಪರ್ಫ್ಯೂಮ್ 3307.

ತುಂಬಾ ಜಗಳ ಆಗಿರುವುದು ಕಾಲಡಿ ಹಾಕುವ ಮ್ಯಾಟಿನ ಬಗ್ಗೆ. ಬಟ್ಟೆಯ ಕಾರ್ ಮ್ಯಾಟ್ 5703ರ ಕಾರ್ಪೆಟ್ಟೋ, 8708ರ ಆಕ್ಸೆಸರಿಯೋ? ಇಲಾಖೆ ಆಕ್ಸೆಸರಿ ಅಂದಿತು, ತಯಾರಕರು ಕಾರ್ಪೆಟ್ ಅಂದರು. 2020ರಲ್ಲಿ ಸುಪ್ರೀಂ ಕೋರ್ಟ್ ತಯಾರಕರ ಪರ ತೀರ್ಪು ಕೊಟ್ಟಿತು. ಅದು ಕೇಂದ್ರ ಅಬಕಾರಿ ಸುಂಕದ (ತಯಾರಿಕೆಯ ಮೇಲಿನ ತೆರಿಗೆ) ಕೇಸು, ಆದರೂ ಹೆಡ್ಡಿಂಗ್‌ಗಳು ಒಂದೇ ಆದ್ದರಿಂದ ಕಸ್ಟಮ್ಸ್‌ನಲ್ಲೂ ಇದನ್ನು ಎತ್ತಿ ಹೇಳುತ್ತಾರೆ. ರಬ್ಬರ್ ಮ್ಯಾಟ್ ಆದರೆ 4016 91. ಅಂದರೆ ಒಂದೇ ಕೆಲಸ ಮಾಡುವ ಎರಡು ಮ್ಯಾಟಿಗೆ ಎರಡು ಅಧ್ಯಾಯ. ಅದಕ್ಕೇ ಸಪ್ಲೈಯರ್ ಹತ್ತಿರ ವಸ್ತು ಯಾವುದರಿಂದ ಆಗಿದೆ ಅಂತ ಬರಹದಲ್ಲೇ ಪಡೆದುಕೊಳ್ಳಿ.

ಇದಕ್ಕೆ ಎದುರಾದ ಗಾಳಿಯೂ ಬೀಸಿದೆ. ರೈಲ್ವೆ ಸಿಗ್ನಲ್‌ನ ರಿಲೇ (ಒಂದು ಬಗೆಯ ವಿದ್ಯುತ್ ಸ್ವಿಚ್) ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟ್, ಅದು ಎಲೆಕ್ಟ್ರಿಕಲ್ ಅಧ್ಯಾಯದ್ದಲ್ಲ, ರೈಲ್ವೆಯ 8608ಕ್ಕೇ ಸೇರುತ್ತದೆ ಅಂದಿತು. ಕಾರಿನ ಭಾಗಗಳ ಆಮದುದಾರರೂ ಇದರಿಂದ ಗಲಿಬಿಲಿಯಾದರು. ಆಮೇಲೆ 2022ರ ಜನವರಿಯಲ್ಲಿ ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿ, ಆ ಒಂದು ತೀರ್ಪನ್ನೇ ಹಿಡಿದು ಹೋಗದೆ ಟಿಪ್ಪಣಿಗಳನ್ನೂ ಬೇರೆ ತೀರ್ಪುಗಳನ್ನೂ ನೋಡಿ ಅಂತ ತನ್ನ ಅಧಿಕಾರಿಗಳಿಗೆ ಸೂಚನೆ ಕೊಡಬೇಕಾಯಿತು. ಎಲೆಕ್ಟ್ರಿಕಲ್ ಭಾಗ ತರಿಸುವವರು ಇದನ್ನು ತಿಳಿದಿರಬೇಕು.

ಕಿಟ್ ತರಿಸುತ್ತೀರಾ? ಮೈಕ್ರೋಫೈಬರ್ ಬಟ್ಟೆ, ಪಾಲಿಶ್, ಬ್ರಷ್ ಸೇರಿ ಒಂದೇ ಡಬ್ಬದಲ್ಲಿ ಮಾರಾಟಕ್ಕೆ ಬಂದಿದ್ದರೆ, ಟ್ಯಾರಿಫ್ ಜೊತೆಗಿರುವ ವ್ಯಾಖ್ಯಾನದ ಆರು ನಿಯಮಗಳಲ್ಲಿ ಮೂರನೆಯದನ್ನು ನೋಡಿ. ಆ ಕಿಟ್‌ನ ಜೀವಾಳ ಯಾವುದೋ ಅದರ ಕೋಡ್. ಅದೂ ತೀರ್ಮಾನ ಆಗದಿದ್ದರೆ, ಪೈಪೋಟಿಯಲ್ಲಿರುವ ಹೆಡ್ಡಿಂಗ್‌ಗಳಲ್ಲಿ ನಂಬರಿನಲ್ಲಿ ಕೊನೆಗೆ ಬರುವುದು. ಬೇರೆ ಬೇರೆ ಸಾಮಾನನ್ನು ಸುಮ್ನೆ ಒಂದು ಕಾರ್ಟನ್‌ಗೆ ತುಂಬಿದರೆ ಅದು ಸೆಟ್ ಆಗುವುದಿಲ್ಲ, ಒಂದೊಂದಕ್ಕೂ ಬೇರೆ ಕೋಡ್ ಬೇಕು.

ಕೋಡ್ ತಪ್ಪಿದರೆ ಹಣ ಎಲ್ಲಿ ಬದಲಾಗುತ್ತದೆ? ಲೆಕ್ಕಕ್ಕೆ ಅಂತ ವಿಮೆ, ಸಾಗಣೆ ಸೇರಿ 1,00,000 ರೂಪಾಯಿಯ ಸರಕು, ಮೂಲ ಸುಂಕ ಶೇ. 15, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ. 18 ಅಂತ ಇಟ್ಟುಕೊಳ್ಳಿ. ಮೂಲ ಸುಂಕ 15,000, ಅದರ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 1,500, ಒಟ್ಟು 1,16,500ರ ಮೇಲೆ ಐಜಿಎಸ್‌ಟಿ 20,970. ಕಟ್ಟಬೇಕಾದದ್ದು 37,470. ವ್ಯಾಪಾರಕ್ಕೆ ತರಿಸುವ ಜಿಎಸ್‌ಟಿ ನೋಂದಾಯಿತರಿಗೆ ಐಜಿಎಸ್‌ಟಿ ಕ್ರೆಡಿಟ್ಟಾಗಿ ಸಿಗುತ್ತದೆ, ಮೊದಲ ಎರಡು ಸಿಗುವುದಿಲ್ಲ. ಹಾಗಾಗಿ ಕಣ್ಣಿಡಬೇಕಾದದ್ದು ಮೂಲ ಸುಂಕದ ಮೇಲೆ. ಅಂದಿನ ದರವನ್ನು ಕಸ್ಟಮ್ಸ್ ಜಾಲತಾಣ ಐಸ್‌ಗೇಟ್‌ನ ಕಂಪ್ಲಯನ್ಸ್ ಪೋರ್ಟಲ್‌ನಲ್ಲಿ ಕೋಡ್ ಹಾಕಿ ನೋಡಿ, ಬಜೆಟ್ ಆದ ಮೇಲಂತೂ ತಪ್ಪದೆ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಥರದ ಷರತ್ತುಗಳೂ ಅಲ್ಲೇ ಕಾಣುತ್ತವೆ. ಆಟಿಕೆ ತರಿಸಿದರೆ 2021ರಿಂದ ಬಿಐಎಸ್ ಗುರುತು ಕಡ್ಡಾಯ. ಬ್ಲೂಟೂತ್ ಇರುವ ಸಾಮಾನಿಗೆ ವೈರ್‌ಲೆಸ್ ಸಾಧನಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ವಿಭಾಗ ಡಬ್ಲ್ಯುಪಿಸಿಯ ಒಪ್ಪಿಗೆ ಬೇಕು, ಸರಕು ಏರ್ ಕಾರ್ಗೋಗೆ ಬಂದು ಕೂತ ಮೇಲೆ ಅದಕ್ಕೆ ಓಡಾಡಬೇಡಿ.

‘ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ನೋಡಿಕೊಳ್ಳುತ್ತಾನೆ’ ಅಂತ ಬಿಡಬೇಡಿ. 2011ರಿಂದ ಸೆಲ್ಫ್ ಅಸೆಸ್‌ಮೆಂಟ್, ಅಂದರೆ ಸುಂಕದ ಲೆಕ್ಕ ತಾವೇ ಹಾಕುವುದು, ಹೊಣೆ ಆಮದುದಾರರದ್ದು. ಕಡಿಮೆ ಕಟ್ಟಿದ ಸುಂಕಕ್ಕೆ ಎರಡು ವರ್ಷದವರೆಗೆ ನೋಟಿಸ್ ಬರಬಹುದು, ಬೇಕಂತಲೇ ಮುಚ್ಚಿಟ್ಟಿದ್ದು ಅಂತಾದರೆ ಐದು ವರ್ಷ. ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಬರೀ ‘ಕಾರ್ ಆಕ್ಸೆಸರಿ’ ಅಂತ ಬರೆಯದೆ ವಸ್ತು, ಮಾಡೆಲ್, ಬಳಕೆ ಮೂರನ್ನೂ ಬರೆಯಿರಿ. ಕೋಡ್ ಬಗ್ಗೆ ಆಮೇಲೆ ಭಿನ್ನಾಭಿಪ್ರಾಯ ಬಂದರೂ ಮುಚ್ಚಿಟ್ಟಿರಿ ಅನ್ನುವುದು ಕಷ್ಟವಾಗುತ್ತದೆ. ಕ್ಯಾಟಲಾಗ್, ಫೋಟೋ ಫೈಲಿನಲ್ಲಿ ಇರಲಿ.

ಒಂದೇ ವಸ್ತುವನ್ನು ದೊಡ್ಡ ಮೊತ್ತದಲ್ಲಿ ಮತ್ತೆ ಮತ್ತೆ ತರಿಸುವವರಾದರೆ, ಮೊದಲ ಕಂಟೇನರ್ ಬರುವ ಮುಂಚೆಯೇ ದೆಹಲಿ ಅಥವಾ ಮುಂಬೈಯ ಕಸ್ಟಮ್ಸ್ ಅಡ್ವಾನ್ಸ್ ರೂಲಿಂಗ್ (ಮುಂಗಡ ತೀರ್ಮಾನ) ಪ್ರಾಧಿಕಾರಕ್ಕೆ ಕೋಡ್ ಕೇಳಿ ಅರ್ಜಿ ಹಾಕಬಹುದು. ಕಾನೂನು, ಸಂಗತಿ ಬದಲಾಗದಿದ್ದರೆ ಆ ಉತ್ತರ ಮೂರು ವರ್ಷ ನಡೆಯುತ್ತದೆ. ನಾಲ್ಕು ಡಬ್ಬ ತರಿಸುವವರಿಗೆ ಇಷ್ಟೆಲ್ಲ ಬೇಡ, ಸೆಕ್ಷನ್ ಟಿಪ್ಪಣಿ ಓದಿಕೊಂಡರೆ ಸಾಕು.