ಮಂಡಳಿಯ ವಿನಿಯಮ ರಾಜ್ಯಪತ್ರ ಮುಟ್ಟುವವರೆಗೆ

ಮಂಡಳಿಯ ವಿನಿಯಮದ ಕರಡು ಬರೆಯಲು ಕೂರುವ ಮುನ್ನ ನಾನು ತೆರೆಯುವುದು ಮೂಲ ಅಧಿನಿಯಮದ, ಅಂದರೆ ಮಂಡಳಿಗೆ ಅಧಿಕಾರ ಕೊಟ್ಟ ಕಾಯ್ದೆಯ, ಕೊನೆಯ ಪುಟಗಳನ್ನು. ನಿಯಮ ರಚಿಸುವ ಅಧಿಕಾರ, ವಿನಿಯಮ ರಚಿಸುವ ಅಧಿಕಾರ, ಸದನದ ಮುಂದೆ ಮಂಡಿಸುವ ಪ್ರಕರಣ (ಸೆಕ್ಷನ್) ಸಾಮಾನ್ಯವಾಗಿ ಅಲ್ಲೇ ಅಕ್ಕಪಕ್ಕ ಇರುತ್ತವೆ. ನಿಯಮ ಮಾಡುವುದು ಸರ್ಕಾರ. ವಿನಿಯಮ ಮಾಡುವುದು ಮಂಡಳಿ, ಅದೂ ಹೆಚ್ಚಿನ ಅಧಿನಿಯಮಗಳಲ್ಲಿ ‘ಸರ್ಕಾರದ ಪೂರ್ವಾನುಮೋದನೆಯೊಂದಿಗೆ’. ಮೊದಲು ಜಾರಿ ಮಾಡಿ ಆಮೇಲೆ ಘಟನೋತ್ತರ ಅನುಮೋದನೆ ಕೇಳುವವರಿದ್ದಾರೆ. ‘ಪೂರ್ವ’ ಎಂಬ ಪದ ಪ್ರಕರಣದಲ್ಲೇ ಇರುವಾಗ ಆ ದಾರಿ ನ್ಯಾಯಾಲಯದವರೆಗೂ ಹೋಗುವ ದಾರಿ.

ಆಮೇಲೆ ಕರಡಿನ ಪ್ರತಿಯೊಂದು ವಿನಿಯಮದ ಎದುರು ಅದಕ್ಕೆ ಆಧಾರವಾದ ಪ್ರಕರಣ, ಉಪಪ್ರಕರಣ, ಖಂಡ ಬರೆಯುತ್ತೇನೆ. ಖಂಡ ಸಿಗದ ಸಾಲು ಕರಡಿನಲ್ಲಿ ಉಳಿಯಬಾರದು. ಸಿಕ್ಕಿಬೀಳುವುದು ಹೆಚ್ಚಾಗಿ ಶುಲ್ಕ, ದಂಡ ಮತ್ತು ಹಿಂದಿನ ದಿನಾಂಕದಿಂದ ಜಾರಿ, ಈ ಮೂರರಲ್ಲಿ. ಅಧಿನಿಯಮ ಸ್ಪಷ್ಟವಾಗಿ ಕೊಡದ ಹೊರತು ಅಧೀನ ಶಾಸನಕ್ಕೆ (ಅಧಿನಿಯಮದಡಿ ಮಾಡುವ ನಿಯಮ, ವಿನಿಯಮಗಳಿಗೆ) ಪೂರ್ವಾನ್ವಯ ಪರಿಣಾಮ ಕೊಡಲು ಬರುವುದಿಲ್ಲ.

ತಿದ್ದುಪಡಿಯಾದರೆ ಮೂರು ಕಾಲಮ್ಮಿನ ತುಲನಾ ಪಟ್ಟಿ ಬೇಕು: ಈಗಿರುವುದು, ಆಗಬೇಕಾದದ್ದು, ಕಾರಣ. ‘ಈಗಿರುವುದು’ ಕಾಲಮ್ಮನ್ನು ಕಚೇರಿಯ ಟೈಪು ಪ್ರತಿಯಿಂದಲ್ಲ, ರಾಜ್ಯಪತ್ರದಿಂದಲೇ (ಗೆಜೆಟ್) ನಕಲು ಮಾಡಿ. ನಡುವೆ ಆದ ಒಂದು ತಿದ್ದುಪಡಿ ಆ ಟೈಪು ಪ್ರತಿಯಲ್ಲಿ ಸೇರಿಲ್ಲದಿದ್ದರೆ ಇಲ್ಲದ ಪದವನ್ನು ಬದಲಿಸಿದಂತಾಗುತ್ತದೆ. “‘ಹತ್ತು’ ಎಂಬ ಪದಕ್ಕೆ ಬದಲಾಗಿ ‘ಹದಿನೈದು’ ಎಂಬ ಪದವನ್ನು ಪ್ರತಿಯೋಜಿಸತಕ್ಕದ್ದು” ಎಂದು ಬರೆದಿರಿ, ಆದರೆ ಆ ವಿನಿಯಮದಲ್ಲಿ ‘ಹತ್ತು’ ಎರಡು ಕಡೆ ಇದೆ. ಎರಡೂ ಕಡೆಯೋ, ಮೊದಲನೆಯದೋ? ಹೇಳದಿದ್ದರೆ ಕಡತ ವಾಪಸ್. ಪರಂತುಕ (ಮುಖ್ಯ ಸಾಲಿಗೆ ಷರತ್ತು ಅಥವಾ ವಿನಾಯಿತಿ ಸೇರಿಸುವ ಭಾಗ) ಇರುವಲ್ಲಿ ಈ ತಪ್ಪು ಇನ್ನೂ ಸುಲಭ.

ಮಂಡಳಿಯ ನಿರ್ಣಯದ ನಡಾವಳಿ, ಕನ್ನಡ ಮತ್ತು ಇಂಗ್ಲಿಷ್ ಕರಡು, ತುಲನಾ ಪಟ್ಟಿ ಇಷ್ಟನ್ನೂ ಸೇರಿಸಿ ಪ್ರಸ್ತಾವನೆ ಆಡಳಿತ ಇಲಾಖೆಗೆ, ಅಂದರೆ ಮಂಡಳಿಯನ್ನು ನೋಡಿಕೊಳ್ಳುವ ಸರ್ಕಾರದ ಇಲಾಖೆಗೆ, ಹೋಗುತ್ತದೆ. ಹಣದ ಹೊರೆ ಇದ್ದರೆ ಆರ್ಥಿಕ ಇಲಾಖೆ, ನೇಮಕಾತಿ ವಿಷಯವಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಭಾಷೆ ಮತ್ತು ಅಧಿಕಾರವನ್ನು ಜಾಲಾಡುವುದು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ. ಅಲ್ಲಿಗೆ ‘ಪರಿಶೀಲಿಸಿ ಹಿಂದಿರುಗಿಸಲು ಕೋರಿದೆ’ ಎಂಬ ಒಂದೇ ಕಂಡಿಕೆಯೊಂದಿಗೆ (ಪ್ಯಾರಾ) ಕಡತ ಕಳಿಸುವುದು ಸಮಯ ವ್ಯರ್ಥ. ಯಾವ ಪ್ರಕರಣದಡಿ, ಪೂರ್ವ ಪ್ರಕಟಣೆ ಬೇಕೇ, ಆರ್ಥಿಕ ಇಲಾಖೆ ಏನೆಂದಿದೆ ಎಂಬುದು ಮೊದಲ ಕಂಡಿಕೆಯಲ್ಲೇ ಇರಲಿ. ಅವರು ತಿದ್ದಿಕೊಟ್ಟ ಕರಡನ್ನು ಆಮೇಲೆ ‘ಸ್ವಲ್ಪ ಚೆಂದ’ ಮಾಡಲು ಹೋಗಬೇಡಿ. ಒಂದು ‘ಮತ್ತು’ ‘ಅಥವಾ’ ಆದರೂ ಮತ್ತೆ ಅವರ ಮೇಜಿಗೇ ಹೋಗಬೇಕು.

ಅಧಿನಿಯಮದಲ್ಲಿ ‘ಪೂರ್ವ ಪ್ರಕಟಣೆಯ ತರುವಾಯ’ ಎಂದಿದ್ದರೆ ಜನರ ಆಕ್ಷೇಪಣೆಗಾಗಿ ಕರಡು ಮೊದಲು ರಾಜ್ಯಪತ್ರದಲ್ಲಿ ಬರಬೇಕು. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಸರ್ಕಾರಿ ನೌಕರರ ನೇಮಕಾತಿ ನಿಯಮಗಳ ಕರಡಿಗೆ, 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದಡಿ, ಆಕ್ಷೇಪಣೆಗೆ 15 ದಿನ ಕೊಡುವುದು ರೂಢಿ. ಬೇರೆ ಕಡೆ 30 ದಿನವೂ ಉಂಟು. ‘ಪ್ರಕಟವಾದ ದಿನಾಂಕದಿಂದ’ ಎಂದರೆ ಪ್ರಕಟವಾದ ದಿನ ಲೆಕ್ಕಕ್ಕಿಲ್ಲ. 1ನೇ ತಾರೀಖು ಪ್ರಕಟವಾದರೆ 15 ದಿನ ಮುಗಿಯುವುದು 16ರ ಕೊನೆಗೆ. 16ರಂದೇ ಅಂತಿಮ ಕರಡಿಗೆ ಸಹಿ ಬಿದ್ದಿದ್ದರೆ, ಒಂದೇ ಒಂದು ಆಕ್ಷೇಪಣೆ ಬರದಿದ್ದರೂ ದೋಷ ದೋಷವೇ. ಇನ್ನೊಂದು: ರಾಜ್ಯಪತ್ರದ ಮೇಲಿನ ದಿನಾಂಕ ಬೇರೆ, ಅದು ಸಾರ್ವಜನಿಕರಿಗೆ ದೊರೆತ ದಿನಾಂಕ ಬೇರೆ ಇರಬಹುದು. ಅಂತಿಮ ಅಧಿಸೂಚನೆಯ ಪೀಠಿಕೆಯಲ್ಲಿ ಎರಡನ್ನೂ ಬರೆಯುತ್ತೇವೆ. ಎರಡನೆಯದರಿಂದ ಎಣಿಸುವುದು ಸುರಕ್ಷಿತ.

ಬಂದ ಆಕ್ಷೇಪಣೆಗಳಿಗೆ ಪ್ರತ್ಯೇಕ ಪಟ್ಟಿ: ಯಾರಿಂದ, ಯಾವ ದಿನ, ಯಾವ ವಿನಿಯಮದ ಬಗ್ಗೆ, ಒಪ್ಪಿದ್ದೋ ಇಲ್ಲವೋ, ಏಕೆ. ಒಂದೇ ಒಕ್ಕಣೆಯ ನೂರು ಅರ್ಜಿ ಬಂದರೆ ಒಟ್ಟಿಗೆ ಉತ್ತರಿಸಬಹುದು, ಆದರೆ ಎಲ್ಲದರ ಸಂಖ್ಯೆ ಇರಲಿ. ‘ತಿರಸ್ಕರಿಸಿದೆ’ ಎಂದಷ್ಟೇ ಬರೆದರೆ ಪರಿಗಣಿಸಿದ್ದಕ್ಕೆ ಪುರಾವೆಯೇ ಇಲ್ಲ. ಇಮೇಲ್‌ನಲ್ಲಿ ಬಂದದ್ದನ್ನೂ ಕಡತಕ್ಕೆ ಸೇರಿಸಿ. ‘ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ’ ಎಂದು ಪೀಠಿಕೆಯಲ್ಲಿ ಅಚ್ಚಾದ ಮೇಲೆ ಅಂಥದೊಂದು ಪತ್ತೆಯಾದರೆ ಸಮಜಾಯಿಷಿಗೆ ದಾರಿಯಿಲ್ಲ. ಆಕ್ಷೇಪಣೆ ಒಪ್ಪಿ ಕರಡನ್ನು ತಿದ್ದಬಹುದು. ಆದರೆ ಕರಡಿನಲ್ಲಿ ಸುಳಿವೇ ಇರದ ಹೊಸ ಅರ್ಹತೆಯನ್ನೋ ಹೊಸ ಶುಲ್ಕವನ್ನೋ ಸೇರಿಸಿದರೆ ನನ್ನ ಪ್ರಕಾರ ಮರುಪ್ರಕಟಣೆಯೇ ಸರಿ. ಅವಸರವಿದ್ದಾಗ ಈ ಮಾತು ಯಾರಿಗೂ ರುಚಿಸುವುದಿಲ್ಲ.

ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬಾರದೆ ವಿನಿಯಮಕ್ಕೆ ಜೀವವಿಲ್ಲ. ವೆಬ್‌ಸೈಟಿಗೆ ಹಾಕಿದ ಪಿಡಿಎಫ್ ಸಾಲದು. ಬೆಂಗಳೂರಿನ ನಗರ ಯೋಜನೆಗೆ ಸಂಬಂಧಿಸಿದ ಬಿ.ಕೆ. ಶ್ರೀನಿವಾಸನ್ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಅಧೀನ ಶಾಸನಕ್ಕೆ ತಕ್ಕ ರೀತಿಯ ಪ್ರಕಟಣೆ ಅಗತ್ಯ ಎಂದೇ ಹೇಳಿದೆ. ಅಚ್ಚಿನ ಕರಡು ಬಂದಾಗ ಕನ್ನಡ ಮತ್ತು ಇಂಗ್ಲಿಷ್ ಪಾಠಗಳನ್ನು ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿ, ಅಂಕಿಗಳನ್ನು ಎರಡು ಸಲ ಹೋಲಿಸಬೇಕು.

ಉಳಿಯುವುದು ಮಂಡನೆ. ಸಾಮಾನ್ಯವಾಗಿ ಉಭಯ ಸದನಗಳ ಮುಂದೆ, ಅಧಿವೇಶನದಲ್ಲಿರುವಾಗ, ಒಟ್ಟು 30 ದಿನ. ಒಂದೇ ಅಧಿವೇಶನದಲ್ಲಿ ಮುಗಿಯಬೇಕೆಂದಿಲ್ಲ. ಬರೀ ಮಂಡಿಸದಿದ್ದರೆ ನಿಯಮ ತಾನಾಗಿ ಬೀಳುವುದಿಲ್ಲ ಎಂಬ ನಿಲುವು ಸುಪ್ರೀಂ ಕೋರ್ಟಿನ 1979ರ ಅಟ್ಲಾಸ್ ಸೈಕಲ್ ಮೊಕದ್ದಮೆಯಿಂದ ಬಂದಿದೆ. ಅದನ್ನೇ ನೆಪ ಮಾಡಿ ಪ್ರತಿಗಳನ್ನು ಕಪಾಟಿನಲ್ಲಿಟ್ಟವರು ವಿಧಾನಮಂಡಲದ ಅಧೀನ ಶಾಸನ ರಚನಾ ಸಮಿತಿಯ ಮುಂದೆ ವಿಳಂಬಕ್ಕೆ ಕಾರಣ ಬರೆಯಬೇಕಾಗುತ್ತದೆ. ರಾಜ್ಯಪತ್ರದ ಪ್ರತಿ ಕೈಗೆ ಬಂದ ದಿನವೇ ಎರಡೂ ಸದನಗಳಿಗೆ ಬೇಕಾದ ಪ್ರತಿಗಳನ್ನು ನಾನು ತೆಗೆಸಿಡುತ್ತೇನೆ.