ಊರವರೇ ಸೇರಿ ದೋಣಿ ಕಟ್ಟಿಸಿಕೊಳ್ಳುವುದು ಹೇಗೆ: ನಮ್ಮ ಕುದ್ರುವಿನ ಲೆಕ್ಕಪುಸ್ತಕದಿಂದ

ಉಡುಪಿ ಜಿಲ್ಲೆಯ ಗಂಗೊಳ್ಳಿಯ ಅಳಿವೆಯತ್ತ ಹರಿಯುವ ಹೊಳೆಗಳ ನಡುವೆ ಇರುವ ಒಂದು ಸಣ್ಣ ಕುದ್ರು, ಅಂದರೆ ನಡುಗಡ್ಡೆ, ನಮ್ಮದು. ಮೂವತ್ತೊಂದು ಮನೆ, ತೆಂಗಿನ ತೋಟ, ಒಂದಿಷ್ಟು ಗದ್ದೆ. ಉಳಿದದ್ದೆಲ್ಲ ನೀರು. ಹಾಲು ಡೇರಿಗೆ ಮುಟ್ಟಬೇಕಾದರೂ, ಪಡಿತರ ಬರಬೇಕಾದರೂ, ಮಕ್ಕಳು ಶಾಲೆ ಸೇರಬೇಕಾದರೂ ದೋಣಿಯೇ ಗತಿ. ನಾನು ಮದುವೆಯಾಗಿ ಈ ಕುದ್ರುವಿಗೆ ಕಾಲಿಟ್ಟದ್ದೂ ದೋಣಿಯಿಂದಲೇ.

ನಮ್ಮನ್ನು ದಾಟಿಸುತ್ತಿದ್ದವರನ್ನು ಎಲ್ಲರೂ ದೋಣಿ ಅಜ್ಜ ಎಂದು ಕರೆಯುತ್ತಿದ್ದೆವು. 2018ರ ಮಳೆಗಾಲದಲ್ಲಿ ಅವರ ಸೊಂಟ ಸೋತಿತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಬೇಕರಿ ಕೆಲಸದಲ್ಲಿದ್ದರು, ಹುಟ್ಟು ಹಿಡಿಯುವವರು ಯಾರೂ ಇರಲಿಲ್ಲ. ದಡದಲ್ಲಿ ಕವುಚಿ ಹಾಕಿದ ದೋಣಿಯ ತಳ ಅದೇ ಮಳೆಯಲ್ಲಿ ಮೆತ್ತಗಾಗಿ ಹೋಯಿತು. ಆ ಮೇಲೆ ಮೀನು ಹಿಡಿಯುವವರ ಸಣ್ಣ ದೋಣಿಗಳಿಗಾಗಿ ದಡದಲ್ಲಿ ನಿಂತು ಕೂಗುವುದೇ ನಮ್ಮ ದಿನಚರಿಯಾಯಿತು. ಒಂದೇ ತಿಂಗಳಲ್ಲಿ ಮಕ್ಕಳಿಗೆ ಹನ್ನೊಂದು ದಿನ ಶಾಲೆ ತಪ್ಪಿತು. ಊರಿಗೆ ಊರೇ ಸೇರಿ ದೋಣಿ ಕಟ್ಟಿಸಬೇಕೆಂದು ಹೊರಟದ್ದು ಆಗ. ಮಹಿಳೆಯರ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದ ಕಾರಣಕ್ಕೆ ದೋಣಿಯ ಲೆಕ್ಕಪುಸ್ತಕವೂ ನನ್ನ ಕೈಗೇ ಬಂತು. ಈಗಲೂ ಬೇರೆ ಕುದ್ರುಗಳವರು, ಶರಾವತಿ ಹಿನ್ನೀರಿನ ಕಡೆಯವರು ಕೇಳುತ್ತಿರುತ್ತಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಚಂದಾ ಪುಸ್ತಕಕ್ಕೆ ಮೊದಲು ಆಚಾರ್ಯರು

ಹೆಚ್ಚಿನವರು ಮಾಡುವ ತಪ್ಪೆಂದರೆ ಮೊದಲು ರಸೀದಿ ಪುಸ್ತಕ ಅಚ್ಚು ಹಾಕಿಸುವುದು. ದೋಣಿ ಎಷ್ಟುದ್ದ, ಯಾವ ಮರ, ಎಷ್ಟು ಜನಕ್ಕೆ ಎಂಬುದು ತೀರ್ಮಾನವಾಗದೆ ಹಣ ಕೇಳಲು ಹೋದರೆ ಎರಡನೆಯ ಮನೆಯಲ್ಲೇ ಮಾತು ನಿಲ್ಲುತ್ತದೆ. ದೋಣಿ ಕಟ್ಟುವ ಆಚಾರ್ಯರನ್ನು ಕರೆಸಿ ನಿಮ್ಮ ಕಡವು, ಅಂದರೆ ದೋಣಿ ಹತ್ತಿಳಿಯುವ ಜಾಗ, ತೋರಿಸಿ. ಉಬ್ಬರದಲ್ಲಿ ಎಷ್ಟು ನೀರಿರುತ್ತದೆ, ಇಳಿತದಲ್ಲಿ ಎಲ್ಲಿ ಕೆಸರು ಮೇಲೇಳುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕು. ನಮ್ಮಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರೂ ಉಳಿಯದ ಜಾಗವಿದೆ. ಅದನ್ನು ನೋಡಿದ ಮೇಲೆ ಅವರು ಚಪ್ಪಟೆ ತಳದ 26 ಅಡಿ ಉದ್ದದ, ನಡುವೆ 4 ಅಡಿ ಅಗಲದ ದೋಣಿ ಹೇಳಿದರು. ಆಳದಲ್ಲಿ ನಾಲ್ಕು ಹುಟ್ಟು, ಕೆಸರಿನಲ್ಲಿ ಒಂದು ಗಳ. ಹನ್ನೆರಡು ಜನ ಕೂರಬಹುದು.

ಫೈಬರ್ ದೋಣಿಯ ಮಾತೂ ಬಂತು. ಅದು ಹಗುರ, ವರ್ಷವರ್ಷ ಎಣ್ಣೆ ಬೇಡ, ಹುಳು ಹಿಡಿಯುವುದಿಲ್ಲ. ಬೇಡವೆಂದು ಯಾರಿಗೂ ನಾನು ಹೇಳುವುದಿಲ್ಲ. ನಾವು ಮರವನ್ನೇ ಆರಿಸಿದ್ದಕ್ಕೆ ಕಾರಣ ಒಂದೇ: ಹಲಗೆ ಒಡೆದರೆ ಅದೇ ದಡದಲ್ಲಿ, ನಮ್ಮವರ ಕೈಯಿಂದಲೇ ಸರಿಪಡಿಸಬಹುದು. ಆ ಆಯ್ಕೆ ನನಗೆ ಇಂದಿಗೂ ಸರಿಯೆನಿಸುತ್ತದೆ.

ಆಚಾರ್ಯರ ಲೆಕ್ಕವನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಕೊನೆಗೆ ಆದ ಖರ್ಚು ಹೀಗಿತ್ತು: ಹೆಬ್ಬಲಸಿನ ಮರ 30 ಘನ ಅಡಿ, 48,000 ರೂಪಾಯಿ. ಮರ ಕೊಯ್ಸಿದ್ದು ಮತ್ತು ಸಾಗಾಟ 9,000. ಇಬ್ಬರು ಆಚಾರ್ಯರಿಗೆ 24 ದಿನದ ಕೂಲಿ 57,600. ತಾಮ್ರದ ಮೊಳೆ ಮತ್ತು ಉಳಿದ ಲೋಹದ ಸಾಮಾನು 14,000. ಹತ್ತಿ, ರಾಳ, ಎಣ್ಣೆ 6,500. ಹುಟ್ಟು ಮತ್ತು ಗಳ 6,000. ಹನ್ನೆರಡು ಲೈಫ್ ಜಾಕೆಟ್ 10,800. ಒಟ್ಟು 1,51,900 ರೂಪಾಯಿ. ಅಂದಿನ ದರ ಇಂದಿನದಲ್ಲ. ಆದರೆ ಯಾವುದಕ್ಕೆ ಎಷ್ಟು ಪಾಲು ಹೋಗುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ. ಮೊಳೆಯ ಬೆಲೆ ಕಂಡು ಕಬ್ಬಿಣದ ಕಡೆ ಕೈ ಚಾಚಬೇಡಿ. ಉಪ್ಪುನೀರು ಕಬ್ಬಿಣವನ್ನು ತಿಂದುಹಾಕುತ್ತದೆ, ಸುತ್ತಲಿನ ಮರವನ್ನೂ ಕೊಳೆಸುತ್ತದೆ.

ಎಲ್ಲ ಮನೆಯ ಪಾಲು

ನಾವೂ ಎಡವಿದ್ದೇವೆ. ಮೊದಲ ಸಭೆಗೂ ಮುಂಚೆಯೇ ನಮ್ಮಲ್ಲಿ ಇಬ್ಬರು ಹೊರಗಿನ ಒಬ್ಬ ದೊಡ್ಡ ದಾನಿಯನ್ನು ಕಂಡುಬಂದಿದ್ದರು. ಅರ್ಧ ಹಣ ಕೊಡುತ್ತೇನೆ, ದೋಣಿಯ ಎರಡೂ ಬದಿಗೆ ಹೆಸರು ಬರೆಸಬೇಕು ಎಂದು ಅವರು ಹೇಳಿದ್ದರಂತೆ. ಸಭೆಯಲ್ಲಿ ಆ ಮಾತು ಬಿದ್ದದ್ದೇ ತಡ, ‘ಹಾಗಾದರೆ ಅದು ಅವರ ದೋಣಿ, ನಮ್ಮ ಹಣ ಯಾಕೆ?’ ಎಂದು ಐದಾರು ಮನೆಯವರು ಎದ್ದು ಹೋದರು. ಅವರನ್ನು ಮತ್ತೆ ಕರೆತರಲು ಒಂದು ತಿಂಗಳೇ ಹಿಡಿಯಿತು. ಅಂದಿನಿಂದ ಎರಡು ನಿಯಮ ಮಾಡಿಕೊಂಡೆವು. ದೋಣಿಯ ಮೇಲೆ ಯಾರ ಹೆಸರೂ ಇಲ್ಲ. ಕುದ್ರುವಿನ ಮೂವತ್ತೊಂದು ಮನೆಯ ಪಾಲೂ ಬರುವವರೆಗೆ ಹೊರಗಿನವರ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಈ ಪಾಲು ಎನ್ನುವುದು ಕರಾವಳಿಗೆ ಹೊಸದಲ್ಲ. ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ರಂಪಣಿ ಬಲೆಯ ಕಾಲದಲ್ಲಿ ಹತ್ತಾರು ಮನೆಯವರು ಕೂಡಿ ಬಲೆ, ದೋಣಿ ಇಟ್ಟುಕೊಂಡು, ಸಿಕ್ಕಿದ ಮೀನನ್ನು ಪಾಲಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಯಾಂತ್ರಿಕ ಬೋಟುಗಳು ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನಮ್ಮ ಮಾವನವರು ರಂಪಣಿ ಎಳೆದವರು. ಸಭೆಯಲ್ಲಿ ಅವರು ಆ ದಿನಗಳನ್ನು ನೆನಪಿಸಿದ ಮೇಲೆ ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ.

ಮನೆಗೆ 2,000 ರೂಪಾಯಿ ಎಂದು ನಿಗದಿ ಮಾಡಿದೆವು. ಕೊಡಲಾಗದವರು ನಾಲ್ಕು ದಿನದ ಆಳು ಕೊಡಬಹುದು, ದಿನಕ್ಕೆ 500ರಂತೆ ಅದೂ ಎರಡು ಸಾವಿರವೇ. ಇಪ್ಪತ್ತೆರಡು ಮನೆ ಹಣ ಕೊಟ್ಟವು, ಒಂಬತ್ತು ಮನೆ ಆಳು ಕೊಟ್ಟವು. ನಾಟಿಗೆ, ಕೊಯ್ಲಿಗೆ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಪ್ರತಿಯಾಗಿ ಕೆಲಸಕ್ಕೆ, ಹೋಗಿ ಗೊತ್ತಿದ್ದವರಿಗೆ ಇದು ಸಹಜವೇ ಆಗಿತ್ತು. ಎಡವಿದ್ದು ನಾನು. ಪುಸ್ತಕದಲ್ಲಿ ‘ಹಣ’ ಎಂದೊಂದು, ‘ಆಳು’ ಎಂದೊಂದು ಕಾಲಂ ಎಳೆದಿದ್ದೆ. ತೆಂಕು ಮನೆಯ ದೊಡ್ಡಮ್ಮ ಬಂದು ಬೆರಳಿಟ್ಟು ತೋರಿಸಿದರು: ‘ನನ್ನ ಹೆಸರಿನ ಮುಂದೆ ಹಣದ ಜಾಗ ಖಾಲಿ ಕಾಣುತ್ತದಲ್ಲ ಮಗಳೇ, ನಾಳೆ ಓದುವವರು ಏನೆಂದುಕೊಳ್ಳುತ್ತಾರೆ?’ ಅವರ ಮಗ ಆ ಹೊತ್ತಿಗಾಗಲೇ ಎರಡು ದಿನ ಮರ ಹೊತ್ತಿದ್ದ. ಅಂದು ರಾತ್ರಿ ಕುಳಿತು ಇಡೀ ಪುಸ್ತಕವನ್ನು ಹೊಸದಾಗಿ ಬರೆದೆ. ಈಗ ಅದರಲ್ಲಿ ಒಂದೇ ಕಾಲಂ ಇದೆ, ‘ಪಾಲು ಸಂದಿದೆ’ ಎಂದು. ಈ ಬರಹದಲ್ಲಿ ನಿಮಗೆ ಒಂದೇ ಒಂದು ಮಾತು ನೆನಪಿನಲ್ಲಿ ಉಳಿಯುವುದಾದರೆ ಆ ಕಾಲಂ ಉಳಿಯಲಿ.

ಹಣ ಇಡಲು ಒಬ್ಬರ ಉಳಿತಾಯ ಖಾತೆ ಬೇಡ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಸಂಘ ನೋಂದಾಯಿಸಬಹುದು. ಅದರ ಹೆಸರಿನಲ್ಲಿ ಪ್ಯಾನ್ ಮಾಡಿಸಿ ಬ್ಯಾಂಕ್ ಖಾತೆ ತೆರೆಯಿರಿ. ಮೂವರಲ್ಲಿ ಇಬ್ಬರ ಸಹಿ ಇದ್ದರೆ ಮಾತ್ರ ಹಣ ಹೊರಬರುವಂತೆ ಮಾಡಿ, ಮೂವರೂ ಒಂದೇ ಮನೆತನದವರಾಗದಿರಲಿ. ಕಡವಿನ ಬಳಿಯ ಅಂಗಡಿಯ ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿ, ತಿಂಗಳ ಮೊದಲ ಭಾನುವಾರ ಬಂದದ್ದು, ಹೋದದ್ದು, ಉಳಿದದ್ದು ಬರೆಯುತ್ತಿದ್ದೆ. ದೋಣಿಗೆ ಕಾಯುವಾಗ ಓದಲು ಎಲ್ಲರಿಗೂ ಸಮಯವಿರುತ್ತದೆ.

ತೆಂಗಿನಕಾಯಿ, ಬೆಂಗಳೂರು, ಯಕ್ಷಗಾನ, ಏಲಂ

ಪ್ರತಿ ಮನೆಯಿಂದ ತಿಂಗಳಿಗೆ ಹತ್ತು ತೆಂಗಿನಕಾಯಿ. ಇದು ನನ್ನ ಅತ್ತೆಯವರ ಸಲಹೆ. ದೇವಸ್ಥಾನದ ಉತ್ಸವಕ್ಕೆ ಹೊರೆಕಾಣಿಕೆ ಒಯ್ಯುವ ಊರಿನಲ್ಲಿ ಕಾಯಿ ಕೊಡಿ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ, ಹಣ ಕೇಳಿದರೆ ಮಾತ್ರ ಮುಖ ಬಾಡುತ್ತದೆ ಎಂದರು. ಎಂಟು ತಿಂಗಳಲ್ಲಿ 2,480 ಕಾಯಿ ಆಯಿತು. ಕಾಯಿಗೆ 12 ರೂಪಾಯಿಯಂತೆ ಒಟ್ಟಾಗಿ ಮಾರಿದ್ದರಿಂದ 29,760 ರೂಪಾಯಿ ಬಂತು. ನಿಮ್ಮಲ್ಲಿ ತೆಂಗಿಲ್ಲದಿದ್ದರೆ ಅಡಿಕೆ, ಗೇರುಬೀಜ, ಹೊಳೆಯ ಕಪ್ಪೆಚಿಪ್ಪು, ಏನಿದೆಯೋ ಅದು. ಆದರೆ ಮಳೆಗಾಲದಲ್ಲಿ ಕೇಳಬೇಡಿ. ಜೂನ್, ಜುಲೈಯಲ್ಲಿ ಮನೆಗಳಲ್ಲಿ ಕೈ ಖಾಲಿ, ಶಾಲೆಯ ಖರ್ಚೂ ಆಗಲೇ ಬರುತ್ತದೆ.

ನಮ್ಮ ಕುಂದಾಪುರದ ಕಡೆಯ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು, ಬೇಕರಿಯಲ್ಲಿ ಇರುತ್ತಾರೆ. ಅವರಿಗೆ ‘ದೋಣಿಗೆ ಸಹಾಯ ಮಾಡಿ’ ಎಂದು ಬರೆದರೆ ಉತ್ತರ ನಿಧಾನವಾಗುತ್ತದೆ. ಒಂದು ಹಲಗೆಗೆ ಇಷ್ಟು, ಒಂದು ಹುಟ್ಟಿಗೆ ಇಷ್ಟು, ಒಂದು ಲೈಫ್ ಜಾಕೆಟ್‌ಗೆ ಇಷ್ಟು ಎಂದು ಬರೆದು ನೋಡಿ. ದೋಣಿ ಅಜ್ಜನ ಮಕ್ಕಳು ನಾಲ್ಕು ಹುಟ್ಟುಗಳ ಹಣವನ್ನು ಮೊದಲ ವಾರವೇ ಕಳುಹಿಸಿದರು. ಹೊರಗಿನವರಿಂದ ಒಟ್ಟು 58,000 ಬಂತು. ಮರ ಬಂದಾಗ, ಏರು (ದೋಣಿಯ ತಳದ ನಡುಮರ) ಕಟ್ಟಿದಾಗ, ಹಲಗೆ ಕೂಡಿಸಿದಾಗ ಫೋಟೋ ಕಳುಹಿಸುವುದನ್ನು ಮರೆಯಬೇಡಿ. ಹಣ ಕೊಟ್ಟವರಿಗೆ ಅದು ಸಲ್ಲಬೇಕಾದ ಋಣ.

ಸಹಾಯಾರ್ಥ ಯಕ್ಷಗಾನ ಆಡಿಸುವ ಮುನ್ನ ಲೆಕ್ಕ ಹಾಕಿ. ದೊಡ್ಡ ಮೇಳ ಕರೆಸಿದರೆ ಜನ ಸೇರುತ್ತಾರೆ, ಮೇಳಕ್ಕೆ ಕೊಡುವ ವೀಳ್ಯದ ಹಣವೂ ದೊಡ್ಡದು. ರಂಗಸ್ಥಳ, ಧ್ವನಿವರ್ಧಕ, ಜನರೇಟರ್ ಎಲ್ಲವನ್ನೂ ಕುದ್ರುವಿಗೆ ದಾಟಿಸುವುದು ಸಾಧ್ಯವಿಲ್ಲವೆಂದು ನಾವು ಆಚೆ ದಡದ ಗದ್ದೆಯಲ್ಲಿ ಹವ್ಯಾಸಿ ತಂಡವೊಂದರಿಂದ ಫೆಬ್ರವರಿಯಲ್ಲಿ ಕಾಲಮಿತಿ ಪ್ರಸಂಗ, ಅಂದರೆ ರಾತ್ರಿಯಿಡೀ ಅಲ್ಲದೆ ಕೆಲವೇ ಗಂಟೆಗಳ ಆಟ, ಆಡಿಸಿದೆವು. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಸಂಜೆ ಆರಕ್ಕೇ ಚೆಂಡೆ ಬಾರಿಸಿದೆವು. ಪೊಲೀಸರ ಅನುಮತಿ ಪತ್ರವನ್ನು ಮುಂಚಿತವಾಗಿ ಪಡೆದಿದ್ದೆವು. ಖರ್ಚು ಕಳೆದು 21,300 ಉಳಿಯಿತು. ಅದರಲ್ಲಿ ಅರ್ಧದಷ್ಟು ಹೆಂಗಸರು ಮಾಡಿದ ಗೋಳಿಬಜೆ, ಚಹಾದ ಹಣ. ಲಕ್ಕಿ ಡಿಪ್ ಚೀಟಿ ಮಾರೋಣವೆಂದು ಹುಡುಗರು ಹಟ ಹಿಡಿದರೂ ನಾನು ಒಪ್ಪಲಿಲ್ಲ. ಅದಕ್ಕೆ ಕಾನೂನಿನ ತೊಡಕಿದೆ, ಸೋತವನ ಮನಸ್ಸೂ ಕಹಿಯಾಗುತ್ತದೆ.

ಚೌತಿಯ ಏಲಂ ಮಾತ್ರ ನನಗೆ ಬಲು ಪ್ರೀತಿಯ ನೆನಪು. ಮನೆಮನೆಯಿಂದ ಬಂದ ಬಾಳೆಗೊನೆ, ಕುಂಬಳಕಾಯಿ, ಸೌತೆ, ಹೂವಿನ ಅಟ್ಟೆ. ಐದನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಬೆಳೆಸಿದ ಒಂದು ಮಂಗಳೂರು ಸೌತೆ ತಂದಿಟ್ಟಳು. ಅದು ಕೈಯಿಂದ ಕೈಗೆ ಏರುತ್ತ 1,150 ರೂಪಾಯಿಗೆ ಹೋಯಿತು. ಗೆದ್ದವರು ಅದನ್ನು ಮತ್ತೆ ಏಲಮಿಗೇ ಬಿಟ್ಟರು. ಆ ಸಂಜೆ 17,850 ರೂಪಾಯಿ ಕೂಡಿತು.

ಸರ್ಕಾರದ ಹಣದ ಬಗ್ಗೆ ಚುಟುಕಾಗಿ: ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ನಿಮ್ಮ ಸಮಿತಿಯ ಕೈಗೆ ನೇರವಾಗಿ ಬರುವುದಿಲ್ಲ, ಕೆಲಸ ಮಾಡಿಸುವುದು ಇಲಾಖೆ. ಅದನ್ನು ದೋಣಿಗೆ ಕೇಳುತ್ತ ವರ್ಷ ಕಳೆಯುವ ಬದಲು ಕಡವಿನ ಮೆಟ್ಟಿಲಿಗೆ, ದೀಪಕ್ಕೆ ಅರ್ಜಿ ಹಾಕಿ. ಜನರನ್ನು ದಾಟಿಸುವ ದೋಣಿ ಕಟ್ಟಿಸುತ್ತಿದ್ದೇವೆಂದು ಪಂಚಾಯಿತಿಗೂ ಬಂದರು ಇಲಾಖೆಗೂ ಬರೆದು, ಬೇಕಾದ ಕಾಗದಪತ್ರ ಯಾವುದೆಂದು ಕೇಳಿ ಮಾಡಿಸಿಕೊಳ್ಳಿ.

ಮರ, ಕೆಲಸ, ಎಣ್ಣೆ

ಮರ ಖಾಸಗಿ ಜಾಗದ್ದಾದರೂ ಕಡಿಯುವ ಮುನ್ನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿಯಿಲ್ಲದೆ ಕೊಡಲಿ ಇಡಬೇಡಿ. ಸಾಗಾಟದ ಪರವಾನಗಿಯನ್ನೂ ಕೇಳಿ ತಿಳಿದುಕೊಳ್ಳಿ. ನಮಗೆ ಹಲಗೆ ಕೊಯ್ದುಕೊಟ್ಟ ಮಿಲ್ಲಿನವರು ಒಣಗಿದೆ ಎಂದ ಮೂರು ಹಲಗೆಗಳು ಒಂದೇ ತಿಂಗಳಲ್ಲಿ ತಿರುಚಿಕೊಂಡವು. ಆಚಾರ್ಯರು ಅವನ್ನು ಪಕ್ಕಕ್ಕಿಟ್ಟು, ಆಸನದ ಪಟ್ಟಿಗಳಿಗೆ ಬಳಸಿದರು. ಆದ್ದರಿಂದ ಜನವರಿಯಲ್ಲೇ ಮರ ಕೊಯ್ಸಿ, ಹಲಗೆಗಳ ನಡುವೆ ರೀಪು (ತೆಳು ಮರದ ಪಟ್ಟಿ) ಇಟ್ಟು, ಗಾಳಿಯಾಡುವ ಮಾಡಿನಡಿ ಒಂದು ಮಳೆಗಾಲ ಪೂರ್ತಿ ಬಿಡಿ. ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ, ಬಂದರುಗಳಲ್ಲಿ ದುರಸ್ತಿಯ ಕಾಲ. ಆಗ ಒಳ್ಳೆಯ ಆಚಾರ್ಯರು ಸಿಗುವುದು ಕಷ್ಟ. ನಮ್ಮ ದೋಣಿ 2019ರ ನವೆಂಬರಿನಲ್ಲಿ ಏರು ಕಂಡು, 2020ರ ಜನವರಿಯಲ್ಲಿ ನೀರಿಗಿಳಿಯಿತು.

ಆಚಾರ್ಯರ ಕೂಲಿಯನ್ನು ಒಟ್ಟಿಗೆ ಕೊಡಬೇಡಿ, ತಡಮಾಡಲೂ ಬೇಡಿ. ಪ್ರತಿ ಶನಿವಾರ ಸಂಜೆ ಆ ವಾರದ್ದು. ಊಟ ಸರದಿಯಂತೆ ಒಂದೊಂದು ಮನೆಯಿಂದ. ಹಲಗೆಗಳ ಸಂದಿಗೆ ಹತ್ತಿ ತುಂಬಿ ರಾಳ ಹಚ್ಚುವುದನ್ನು ನಮ್ಮ ಹುಡುಗರು ಪಕ್ಕದಲ್ಲಿ ಕುಳಿತು ಕಲಿತದ್ದು ಆ ಊಟದ ನೆಪದಲ್ಲೇ. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವಾಗ ಕೈಗೆ ಗವಸು, ಮೈಗೆ ಹಳೆಯ ಉದ್ದ ತೋಳಿನ ಅಂಗಿ ಇರಲಿ. ಅದು ಚರ್ಮ ಸುಡುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಈಗ ಲೆಕ್ಕ ಕೂಡಿಸಿ ನೋಡಿ. ಮನೆಗಳ ಹಣ 44,000, ಹೊರಗಿನವರದು 58,000, ಕಾಯಿ 29,760, ಯಕ್ಷಗಾನ 21,300, ಏಲಂ 17,850. ಒಟ್ಟು 1,70,910. ಖರ್ಚು ಕಳೆದು ಉಳಿದದ್ದು 19,010 ರೂಪಾಯಿ. ಈ ಹಣದಿಂದ ಶಾಮಿಯಾನ ಹಾಕಿ ಉದ್ಘಾಟನೆ ಮಾಡೋಣವೆಂದವರಿದ್ದರು. ನಾನು ಪುಸ್ತಕ ಮುಚ್ಚಿ ಎದೆಗವುಚಿಕೊಂಡು ಕುಳಿತೆ. ಅದು ದೋಣಿ ಸಾಕುವ ಹಣ. ಹಸು ಕೊಂಡವನು ಹಿಂಡಿಗೆ ಹಣವಿಡದಿದ್ದರೆ ಹೇಗೆ? ನೀರಿಗಿಳಿಸಿದ ದಿನ ದೀಪ ಹಚ್ಚಿ, ಕಾಯಿ ಒಡೆದು, ಅವಲಕ್ಕಿ ಹಂಚಿದೆವು. ದೋಣಿ ಅಜ್ಜನನ್ನು ಕುರ್ಚಿಯಲ್ಲಿ ಹೊತ್ತು ತಂದು ಮೊದಲ ಸಲ ಆಚೆ ದಡಕ್ಕೆ ದಾಟಿಸಿದೆವು.

ವರ್ಷಕ್ಕೊಮ್ಮೆ, ಬೇಸಗೆ ರಜೆಯಲ್ಲಿ, ಹತ್ತು ದಿನ ದೋಣಿಯನ್ನು ದಡಕ್ಕೆಳೆದು ಒಣಗಿಸುತ್ತೇವೆ. ಉಪ್ಪುನೀರಿನ ಹುಳು ಹಲಗೆಯೊಳಗೆ ತೂತು ಕೊರೆಯುತ್ತದೆ. ಚೆನ್ನಾಗಿ ಬಿಸಿಲು ತಾಗಿದರೆ ಅದು ಸಾಯುತ್ತದೆ. ತಳ ಕೆರೆದು, ಸಂದಿ ನೋಡಿ, ಎಣ್ಣೆ ಹಚ್ಚಿ ಮತ್ತೆ ಇಳಿಸುತ್ತೇವೆ. ಅದಕ್ಕಾಗಿ ಮನೆಗೆ ತಿಂಗಳಿಗೆ 30 ರೂಪಾಯಿ, ಇಲ್ಲವೇ ಮೂರು ಕಾಯಿ. ಹುಟ್ಟು ಹಾಕುವ ಸರದಿಯ ಪಟ್ಟಿ ಅಂಗಡಿಯ ಅದೇ ಕಪ್ಪು ಹಲಗೆಯ ಮೇಲಿದೆ. ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಸರದಿ ನೋಡುವಂತಿಲ್ಲ, ಕಡವಿಗೆ ಹತ್ತಿರದ ಮೂರು ಮನೆಯವರು ಏಳಬೇಕು. ಹುಟ್ಟುಗಳನ್ನು ಬೀಗ ಹಾಕಿ ಇಡುವುದಿಲ್ಲ, ನಮ್ಮ ಜಗಲಿಯ ಮೊಳೆಗೆ ತೂಗುಹಾಕಿರುತ್ತೇವೆ.