ಹೆಲ್ಮೆಟ್ ನಿಲ್ಲಿಸಿದ ಮೇಲೆ ರಕ್ತದಾನಿಗಳು ಜಾಸ್ತಿಯಾದರು

ಹೆಲ್ಮೆಟ್‌ನಂಥ ಉಡುಗೊರೆ ಇಲ್ಲದಿದ್ದರೆ ತಿಪಟೂರಿನಲ್ಲಿ ಒಬ್ಬನೂ ರಕ್ತ ಕೊಡಲ್ಲ ಎಂದು ನಮ್ಮ ಗೆಳೆಯರೇ ಹೇಳಿದ್ದರು. ಈಗ ನಮ್ಮ ರಕ್ತದಾನಿಗಳ ಪಟ್ಟಿಯಲ್ಲಿ ಸುಮಾರು ನಾನೂರು ಜನ ಇದ್ದಾರೆ. ಅರ್ಧಕ್ಕಿಂತ ಜಾಸ್ತಿ ಮಂದಿ ವರ್ಷಕ್ಕೆ ಎರಡು ಸಲವಾದರೂ ಬರುತ್ತಾರೆ. ಒಬ್ಬರಿಗೂ ಒಂದು ಟಿಫಿನ್ ಡಬ್ಬಿ ಕೂಡ ಕೊಟ್ಟಿಲ್ಲ.

ಮೊದಲು ದುಡ್ಡಿನ ಮಾತು. ಹಿಂದೆ ವರ್ಷಕ್ಕೊಂದೇ ದೊಡ್ಡ ಶಿಬಿರ, ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ. ಶಾಮಿಯಾನ, ಫ್ಲೆಕ್ಸ್, ಶಾಲು-ಹಾರ, ಊಟ, ಹೆಲ್ಮೆಟ್ ಎಲ್ಲಾ ಸೇರಿ ಅರವತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಹೆಲ್ಮೆಟ್ಟಿಗೇ ಅರ್ಧ. ಬರುತ್ತಿದ್ದದ್ದು ನೂರು ಬ್ಯಾಗ್. ಆದರೆ ಪೂರ್ಣ ರಕ್ತ ಮಾಮೂಲಿ ಬ್ಯಾಗಿನಲ್ಲಿ ಕೆಡದೆ ಇರುವುದು 35 ದಿನ, ಅದರಿಂದ ಬೇರ್ಪಡಿಸಿದ ಪ್ಲೇಟ್ಲೆಟ್ ಬರೀ 5 ದಿನ. ದೀಪಾವಳಿ ಕಳೆಯುವಷ್ಟರಲ್ಲಿ ಮತ್ತೆ ಖಾಲಿ. ಏಪ್ರಿಲ್-ಮೇನಲ್ಲಿ ಕಾಲೇಜು ರಜೆ, ಕೊಡುವವರಿಲ್ಲ. ಮಳೆ ಹಿಡಿದು ಡೆಂಗಿ ಶುರುವಾದರೆ ಪ್ಲೇಟ್ಲೆಟ್‌ಗೆ ಪರದಾಟ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹೆಲ್ಮೆಟ್ ಆಸೆಗೆ ಕಾಮಾಲೆ ಆಗಿದ್ದನ್ನು ಮುಚ್ಚಿಟ್ಟವರಿದ್ದರು. ಹಿಂದಿನ ತಿಂಗಳಷ್ಟೇ ಕೊಟ್ಟು ಮತ್ತೆ ಸಾಲಲ್ಲಿ ನಿಂತವರಿದ್ದರು. ದುಡ್ಡಿಗೆ ರಕ್ತ ಕೊಡುವವನು ಕಾಯಿಲೆ ಹೇಳಲ್ಲ ಅನ್ನುವ ಭಯಕ್ಕೇ ತಾನೆ 1998ರ ಜನವರಿಯಿಂದ ದೇಶದಲ್ಲಿ ಅದನ್ನು ನಿಲ್ಲಿಸಿದ್ದು? ಹೆಲ್ಮೆಟ್ ಆದರೂ ಅದೇ ಕಥೆ ಅಲ್ವಾ?

ಹಾಗಾಗಿ ದೊಡ್ಡ ಶಿಬಿರವನ್ನೇ ಬಿಟ್ಟೆವು. ಈಗ ತಿಂಗಳಿಗೊಂದು ಚಿಕ್ಕದು. ಒಮ್ಮೆ ಕೊಬ್ಬರಿ ಮಂಡಿ, ಒಮ್ಮೆ ಬಸ್ ಡಿಪೋ, ಒಮ್ಮೆ ಹಳ್ಳಿಯ ಹಾಲಿನ ಡೈರಿ. ಮೈಕಿಲ್ಲ, ಭಾಷಣವಿಲ್ಲ. ಬಿಸ್ಕತ್ತು, ಜ್ಯೂಸು, ಓಡಾಟ ಸೇರಿ ಮೂರು ಸಾವಿರದ ಆಸುಪಾಸು. ಇಪ್ಪತ್ತೈದು ಬ್ಯಾಗ್ ಬಂದರೆ ನಮಗೆ ಖುಷಿ.

ಜನರನ್ನು ಪರಿಚಯದವರೇ ಎದುರು ನಿಂತು, ತಾರೀಖು ಹೇಳಿ ಕರೆಯಬೇಕು. ಒಮ್ಮೆ ಕೊಟ್ಟು ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಅದೇ ವ್ಯಕ್ತಿ ಫೋನ್ ಮಾಡಬೇಕು. ಬೇರೆಯವರು ಮಾಡಿದರೆ ಅರ್ಧಕ್ಕರ್ಧ ಜನ ಬರಲ್ಲ, ನೋಡಿದ್ದೇವೆ. ರಕ್ತ ಬಳಕೆಯಾದ ಮೇಲೆ ‘ನೀವು ಕೊಟ್ಟಿದ್ದು ಒಬ್ಬರಿಗೆ ಹೋಯ್ತು’ ಅಂತ ಒಂದು ಸಾಲು ವಾಟ್ಸಾಪ್. ರೋಗಿಯ ಹೆಸರು ನಮಗೂ ಗೊತ್ತಿರಲ್ಲ. ಆ ಒಂದು ಸಾಲಿಗೆ ಜನ ಕಾಯುತ್ತಾರೆ.

ಯಾಕೆ ಕೊಡ್ತೀರಿ ಎಂದು ಕೇಳುತ್ತಿರುತ್ತೇನೆ. ಪುಣ್ಯದ ಮಾತು ಕಡಿಮೆ. ಮಂಡಿಯ ಹಮಾಲಿ ಒಬ್ಬರು, ‘ತಂಗಿ ಹೆರಿಗೇಲಿ ರಕ್ತ ಹೋದಾಗ ಗುರುತಿಲ್ಲದೋರು ಕೊಟ್ರು ಸಾರ್, ಅವರನ್ನ ಎಲ್ಲಿ ಹುಡುಕ್ಲಿ?’ ಅಂದರು. ಓ ನೆಗೆಟಿವ್ ಇರುವ ಡ್ರೈವರ್ ಒಬ್ಬರು ತಮ್ಮ ಗುಂಪು ಅಪರೂಪ ಅಂತ ತಿಳಿದ ಮೇಲೆ ಸುಮ್ನೆ ಕೂರೋಕಾಗ್ಲಿಲ್ಲ ಅಂತಾರೆ. ತಮ್ಮಿಂದಲೇ ಆಗಬೇಕು ಅನ್ನಿಸಿದರೆ ಜನ ಬರುತ್ತಾರೆ.

ಹೆಂಗಸರ ವಿಷಯದಲ್ಲಿ ಬೇರೆ ಪ್ರಯೋಗ ಮಾಡಿದೆವು. ರಕ್ತ ಕೊಡಲು ಬೇಕಾದಷ್ಟು, ಅಂದರೆ 12.5, ಹಿಮೋಗ್ಲೋಬಿನ್ ಇಲ್ಲ ಎಂದು ಶಿಬಿರದಿಂದ ವಾಪಸ್ ಕಳಿಸಿದರೆ ಅವರಿಗೆ ಅವಮಾನ, ಮತ್ತೆ ಬರಲ್ಲ. ಅದಕ್ಕೆ ಎರಡು ವಾರ ಮೊದಲೇ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದವರನ್ನು ಡಾಕ್ಟರ್ ಹತ್ತಿರ ಕಳಿಸಿದೆವು. ಕೆಲವು ತಿಂಗಳು ಕಬ್ಬಿಣದ ಮಾತ್ರೆ ತಗೊಂಡು ರಕ್ತ ಕೊಟ್ಟವರು ಆರರಲ್ಲಿ ಒಬ್ಬರು ಇರಬಹುದು. ಉಳಿದವರಲ್ಲಿ ಹತ್ತು-ಹನ್ನೆರಡು ಜನ ಫೋನ್ ಮಾಡುವ ಕೆಲಸ ಹಿಡಿದರು. ಹೋದ ಬೇಸಿಗೆಯಲ್ಲಿ ಶಿಬಿರ ತುಂಬಿಸಿದ್ದು ಅವರೇ.